ಬ್ಯಾಟರಿ ಇಲ್ಲದ ಸೆಟ್ಟಿನಿಂದ ಹೋದ ಮಾತು

ದೆವ್ವ, ಗಾಳಿ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ಮುಖದ ಮೇಲೇ ನಗುತ್ತಿದ್ದವನು ನಾನು. ವೈರ್‌ಲೆಸ್ ಆಪರೇಟರ್ ಆಗಿ ಪೊಲೀಸ್ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ದನಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬಾಯಿ ಬಿಡಬೇಕು, ಬಟನ್ ಒತ್ತಬೇಕು, ಸೆಟ್ಟಿನಲ್ಲಿ ಬ್ಯಾಟರಿ ಇರಬೇಕು. ಒಂದಿಲ್ಲದಿದ್ದರೂ ಮಾತು ಹೋಗದು. ಈಗಲೂ ನನ್ನ ನಂಬಿಕೆ ಅದೇ. ಆದರೂ ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಗುವುದಾದರೆ ನಗಿ, ನಾನೂ ನಕ್ಕವನೇ.

ಆಗ ನನಗೆ ಕೆ.ಆರ್. ಪೇಟೆಯಲ್ಲಿ ಕೆಲಸ. ಮಂತ್ರಿಯೊಬ್ಬರು ಶ್ರೀರಂಗಪಟ್ಟಣದ ಸಮಾರಂಭ ಮುಗಿಸಿಕೊಂಡು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಹೈಸ್ಕೂಲಿನ ಮೈದಾನವೇ ಇಳಿಯುವ ಜಾಗ, ಸುಣ್ಣದಲ್ಲಿ ದೊಡ್ಡ ವೃತ್ತ ಬರೆದಿದ್ದರು. ಪೈಲಟ್ ಜೊತೆ ಮಾತಾಡುವ ಸೆಟ್ಟು ಅಲ್ಲಿ ಇದ್ದದ್ದು ಒಂದೇ, ಅದು ನನ್ನ ಕೈಯಲ್ಲಿ. ದೊಡ್ಡ ವಿಮಾನ ನಿಲ್ದಾಣದಲ್ಲಿ ಗೋಪುರ ಹತ್ತಿ ಕುಳಿತವರು ಮಾಡುವ ಕೆಲಸವನ್ನು ಅವತ್ತು ನಾನು ಬೇಲಿ ಪಕ್ಕ ನಿಂತು ಮಾಡಬೇಕಿತ್ತು. ಗತ್ತಿಗೇನೂ ಕಡಿಮೆ ಇರಲಿಲ್ಲ.

ಇಂಥ ಕಡೆ ಒಂದು ಪದ್ಧತಿ ಇತ್ತು. ಮೈದಾನದ ಮೂಲೆಯಲ್ಲಿ ಬೆಂಕಿ ಮಾಡಿ, ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಪೈಲಟ್ಟಿಗೆ ತಿಳಿಯಲೆಂದು ಮಾಡಿದ ಏರ್ಪಾಟು ಅದು. ಆದರೆ ರೂಢಿಯಲ್ಲಿ, ಹೊಗೆ ಎದ್ದಿತೆಂದರೆ ಜಾಗ ಖಾಲಿ ಇದೆ, ಇಳಿಯಬಹುದು ಎಂದೇ ಆಗಿಬಿಟ್ಟಿತ್ತು. ಆಮೇಲೆ ಅವರೂ ಮಾತಾಡುತ್ತಿರಲಿಲ್ಲ, ನಾವೂ ಮಾತಾಡುತ್ತಿರಲಿಲ್ಲ. ಆ ದಿನ ಬೆಂಕಿ ನೋಡಿಕೊಳ್ಳಲು ಊರಿನ ಬೋರಣ್ಣ ಎಂಬಾತನನ್ನು ಹಾಕಿದ್ದರು.

ಕಬ್ಬು ಅರೆಯುವ ಕಾಲ. ಪಾಂಡವಪುರ ದಾಟಿ ಬಂದ ಪೈಲಟ್, ಎಲ್ಲಿ ನೋಡಿದರೂ ಹೊಗೆ ಕಾಣುತ್ತಿದೆ, ನಿಮ್ಮದು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಉಳಿದವೆಲ್ಲ ಬೆಲ್ಲ ಕಾಯಿಸುವ ಆಲೆಮನೆಗಳವು. ಕೆರೆ ಏರಿ ಪಕ್ಕದ ಬಿಳಿ ಹೊಗೆ ನಮ್ಮದು, ಮೈದಾನ ಖಾಲಿ ಇದೆ ಎಂದೆ. ಸರಿ ಎಂದ.

ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡೆ. ಸೆಟ್ಟಿನ ಬ್ಯಾಟರಿ ಬೆಳಿಗ್ಗೆಯಿಂದ ಕೈಕೊಡುತ್ತಿತ್ತು. ಹೊಗೆ ಎದ್ದಿದೆಯಲ್ಲ, ಇನ್ನು ಮಾತಿಗೇನು ಕೆಲಸ ಎಂದು ಅದನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಹೊಸದು ಜೀಪಿನಲ್ಲಿತ್ತು.

"ಒಗೆ ಸಾಕಾ ಸಾ, ಇನ್ನೊಸಿ ಉಲ್ಲಾಕ್ಲಾ?" ಎಂದು ಬೋರಣ್ಣ ಕೂಗಿದ. ಅವನತ್ತ ತಿರುಗಿದಾಗಲೇ ಕಂಡದ್ದು. ಸ್ಕೂಲಿನ ಚಾವಣಿಯಿಂದ ಎದುರಿನ ತೆಂಗಿನ ಮರಕ್ಕೆ, ಸುಣ್ಣದ ವೃತ್ತದ ನೇರ ಮೇಲೆ, ಒಂದು ಕರೀ ತಂತಿ. ಬೆಳಿಗ್ಗೆ ನಾನೇ ಮೈದಾನ ಸುತ್ತಿ ನೋಡಿದಾಗ ಇರಲಿಲ್ಲ. ಮೈಕ್‌ಸೆಟ್ಟಿನವನು ಇನ್ನೊಂದು ಹಾರ್ನ್ ಕಟ್ಟಲು ಆಮೇಲೆ ಎಳೆದಿದ್ದ. ಮೇಲಿನಿಂದ ಅದು ಕಾಣುವ ಮಾತೇ ಇಲ್ಲ. ಹೆಲಿಕಾಪ್ಟರ್ ಆಗಲೇ ಕೆರೆ ಏರಿ ದಾಟಿ ಇಳಿಯತೊಡಗಿತ್ತು. ಒಳಗೆ ಐದು ಜನ. ನನ್ನ ಎಡಗೈಯಲ್ಲಿ ಖಾಲಿ ಸೆಟ್ಟು, ಬಲಗೈಯಲ್ಲಿ ಬ್ಯಾಟರಿ. ಐದೂ ಜನ ನನ್ನಿಂದಲೇ ಸತ್ತರು ಎಂದುಕೊಂಡೆ. ಕೂಗಲು ನಾಲಿಗೆ ಏಳಲಿಲ್ಲ.

ತಂತಿಗೆ ಇನ್ನು ಎರಡಾಳು ಎತ್ತರ ಇದೆ ಎನ್ನುವಾಗ ಹೆಲಿಕಾಪ್ಟರ್ ಸರ್ರನೆ ಮೇಲೆದ್ದು ಕೆರೆಯ ಮೇಲೆ ಸುತ್ತು ಹಾಕತೊಡಗಿತು. ಆಗ ನನಗೆ ಹೋದ ಜೀವ ಬಂತು. ಓಡಿಹೋಗಿ ತಂತಿ ಕಿತ್ತೆವು. ಹೊಸ ಬ್ಯಾಟರಿ ಹಾಕಿ, ಈಗ ಇಳಿಯಬಹುದು ಎಂದೆ. ಇಳಿದರು. ಹಾರ ತುರಾಯಿ ಎಲ್ಲ ಆಯಿತು, ಮಂತ್ರಿಗಳಿಗೆ ಏನೂ ಗೊತ್ತಾಗಲಿಲ್ಲ.

ಪೈಲಟ್ ಉತ್ತರದ ಕಡೆಯವನು, ಕನ್ನಡದ ಗಂಧಗಾಳಿ ಇಲ್ಲ. ನೇರವಾಗಿ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. ನೀನು ಕೂಗಿದ್ದಕ್ಕೆ ಬದುಕಿದೆವು, ಏನು ಹೇಳಿದೆಯೋ ಅರ್ಥವಾಗಲಿಲ್ಲ, ಆದರೆ ಇಳಿ ಎನ್ನುವವನು ಹಾಗೆ ಕಿರುಚುವುದಿಲ್ಲ ಎಂದ. ನಾನು ಬೆಪ್ಪಾದೆ. ಏನೆಂದು ಕೇಳಿಸಿತು ಎಂದೆ. ತಡವರಿಸಿಕೊಂಡು ಹೇಳಿದ:

"ತಂತಿ ಅದೆ, ಇಳೀಬ್ಯಾಡ ಕಣ್ಲಾ!"

ಅದು ಪಾಂಡವಪುರದ ಕಡೆಯ ನಮ್ಮ ಮನೆಮಾತು. ಸೆಟ್ಟಿನಲ್ಲಿ ಪೈಲಟ್ ಜೊತೆ ನಾನು ಇಂಗ್ಲಿಷ್ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಪೈಲಟ್ಟಿಗೆ 'ಕಣ್ಲಾ' ಎನ್ನುವಷ್ಟು ತಲೆಯೂ ಕೆಟ್ಟಿರಲಿಲ್ಲ. ದನಿ ನಿನ್ನದೇ ಎಂದು ಅವನು ಆಣೆ ಮಾಡಿದ. ತಂತಿಯಂತೂ ನಾವು ಕಿತ್ತು ಎಳೆದಾಡುವವರೆಗೆ ಅವನಿಗೆ ಕಂಡೇ ಇರಲಿಲ್ಲವಂತೆ. ನಾನೇನಾದರೂ ಕೂಗಿದೆನಾ ಎಂದು ಬೋರಣ್ಣನನ್ನು ಕೇಳಿದೆ.

"ಎಲ್ಲಿ ಸಾ? ನೀವು ಬಾಯೇ ಬುಡ್ನಿಲ್ಲ. ಕಲ್ನಂಗೆ ನಿಂತ್ಬುಟ್ಟಿದ್ರಿ. ನಾನೇ ಬಂದು ಅಲ್ಲಾಡ್ಸವ ಅಂತಿದ್ದೆ" ಎಂದ.

ಹೋದ ಮಾತು, ಬಂದ ಮಾತು ಪ್ರತಿಯೊಂದನ್ನೂ ಸಮಯ ಹಾಕಿ ಲಾಗ್ ಪುಸ್ತಕದಲ್ಲಿ ಬರೆಯಬೇಕು, ಅದು ನಮ್ಮ ನಿಯಮ. ನನ್ನ ಮೇಲಿನ ಅಧಿಕಾರಿ ಹೆಗಲ ಮೇಲೆ ಕೈ ಹಾಕಿದರು. "ಪೈಲಟ್ಟೇ ನಿನ್ ದನಿ ಅಂತಾವ್ರೆ. ಎಚ್ಚರಿಕೆ ಕೊಟ್ಟೆ ಅಂತ ಬರ್ದ್ಬುಡು, ಬಹುಮಾನಕ್ಕೆ ನಾನು ಬರೀತೀನಿ. ಬ್ಯಾಟರಿ ಇಚಾರ ಎತ್ತುದ್ರೆ ಕೆಲ್ಸ ಹೋಯ್ತದೆ ಕಣಯ್ಯ" ಎಂದರು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ನನ್ನೊಬ್ಬನ ಸಂಬಳ. ಪೆನ್ನು ಹಿಡಿದೆ. ಆಡದ ಮಾತನ್ನು ಆಡಿದೆ ಎಂದು ಬರೆಯಲು ಕೈ ಬರಲಿಲ್ಲ.

'ಹತ್ತು ಐವತ್ತು. ಸೆಟ್ಟಿನಲ್ಲಿ ಬ್ಯಾಟರಿ ಇರಲಿಲ್ಲ. ಯಾವ ಮಾತೂ ಹೋಗಿಲ್ಲ' ಎಂದು ಬರೆದೆ. ಪೈಲಟ್ ಪುಸ್ತಕ ಇಸಿದುಕೊಂಡು, ಬರೆದದ್ದೇನೆಂದು ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿಕೊಂಡ. ಅದರ ಕೆಳಗೇ ತನ್ನ ಕೈಯಾರೆ ಇಂಗ್ಲಿಷಿನಲ್ಲಿ ಬರೆದ: 'ಹತ್ತು ಐವತ್ತು. ನೆಲದಿಂದ ಎಚ್ಚರಿಕೆ ಬಂತು. ಮೇಲೆದ್ದೆ.' ಸಹಿ ಹಾಕಿದ.

ಬಹುಮಾನ ಬರಲಿಲ್ಲ, ಮೆಮೊ ಬಂತು. ವಿಚಾರಣೆಗೆ ಕುಳಿತ ಹಿರಿಯ ಅಧಿಕಾರಿ ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿ, "ಇದ್ರಲ್ಲಿ ಸುಳ್ಳು ಯಾವ್ದಪ್ಪ?" ಎಂದು ಕೇಳಿದರು. ಎರಡೂ ನಿಜ ಸಾರ್ ಎಂದೆ. ಅವರು ಪುಸ್ತಕ ಮುಚ್ಚಿದರು. ಕೆಲಸ ಉಳಿಯಿತು. ಎರಡೂ ಹೇಗೆ ನಿಜ ಎಂದು ಅವರು ಕೇಳಲಿಲ್ಲ. ನೀವೂ ಕೇಳಬೇಡಿ. ಎರಡೂ ನಿಜ.