ಮತ್ರಾ ಬಜಾರಿನ ಹಂಚು

ನಮ್ಮ ಚರಿತ್ರೆಯ ಮಿಸ್ ಯಾರ ಮನೆಗೆ ಹೋದರೂ ಚಹಾ ಕುಡಿದು ಮುಗಿಸುವುದೇ ತಡ, ಬಸಿಯನ್ನು ಮಗುಚಿ ಅದರ ಅಡಿಯನ್ನು ಬಲಗೈ ಹೆಬ್ಬೆರಳಿನಿಂದ ಸವರುತ್ತಿದ್ದರು. ಆ ಬೆರಳಿನ ಉಗುರು ನಡುವೆ ಸೀಳಿತ್ತು. ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿನಲ್ಲಿ ಇದನ್ನು ಕಂಡ ಅಮ್ಮ, "ತೊಳೆದದ್ದೇ ಮಿಸ್" ಎಂದು ಕೆಂಪಾದಳು.

"ಕೊಳೆ ಅಲ್ಲಮ್ಮ, ಅದರ ಊರು ನೋಡುದು," ಎಂದು ಮಿಸ್ ಅಡಿಯಲ್ಲಿದ್ದ ತಯಾರಿಕೆಯ ಮುದ್ರೆ ತೋರಿಸಿದರು.

ಅವರ ಊರು ಮಂಗಳೂರು, ಮನೆಮಾತು ಕೊಂಕಣಿ. ಮದುವೆಯಾಗಿರಲಿಲ್ಲ. ಅದೇ ನಗರದ ರೂವಿಯಲ್ಲಿ ಒಂದು ಕೋಣೆ, ಅದರಲ್ಲಿ ಒಂದೇ ಕುರ್ಚಿ. ಪುಸ್ತಕ ತರಲು ಹೋದ ನಾನು ಮಂಚದ ಮೇಲೆ ಕೂತೆ. ಇನ್ನೊಂದು ಕುರ್ಚಿ ಯಾಕಿಲ್ಲ ಎಂದರೆ, "ವೀಸಾ ಎರಡೆರಡೇ ವರ್ಷದ್ದಲ್ವಾ ಮಗಾ? ಸಾಮಾನು ಮಾಡಿ ಎಂತ ಮಾಡುದು?" ಎಂದು ನಕ್ಕರು. ಹಾಗೆ ಎರಡೆರಡು ವರ್ಷ ಎನ್ನುತ್ತಲೇ ಅವರ ಕೂದಲು ಇಲ್ಲೇ ಬೆಳ್ಳಗಾಗಿತ್ತು. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡಿ ಕಟ್ಟಡಕ್ಕೆಲ್ಲ ಹಂಚುತ್ತಿದ್ದರು. ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ಅವರನ್ನು ಊಟಕ್ಕೆ ಕರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ನಿವೃತ್ತಿಯ ವರ್ಷ ನಮ್ಮ ತರಗತಿಗೆ ಅವರೊಂದು ಪ್ರಾಜೆಕ್ಟ್ ಕೊಟ್ಟರು: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮಂಗಳೂರಿನ ಹೊಳೆಬದಿಯಲ್ಲಿ ಎದ್ದ ಹಂಚಿನ ಕಾರ್ಖಾನೆಗಳು. ಪತ್ರಾಗಾರಗಳು ಇಂಟರ್‌ನೆಟ್ಟಿಗೆ ಹಾಕಿದ ಹಳೆಯ ನಕ್ಷೆ, ಜಾಹೀರಾತು, ಫೋಟೋಗಳನ್ನು ಲ್ಯಾಬಿನಲ್ಲಿ ಕೂತು ಹುಡುಕಿದೆವು. ತಲೆಯ ಮೇಲೆ ಹಂಚು ಹೊತ್ತ ಹೆಂಗಸರ ಫೋಟೋದ ಮುಂದೆ ಮಿಸ್ ಬಹಳ ಹೊತ್ತು ನಿಂತರು. ಅವರ ಅಜ್ಜಿಯ ತಾಯಿ ಅಂಥದೇ ಕಾರ್ಖಾನೆಯಲ್ಲಿ ದುಡಿದವರಂತೆ.

ಪ್ರಿನ್ಸಿಪಾಲರು ಅಡ್ಡಗಾಲು ಹಾಕಿದರು. ಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ಬೇಕಿದ್ದುದು ಸ್ಥಳೀಯ ಚರಿತ್ರೆ. ಮಂಗಳೂರು ಸ್ಥಳೀಯ ಹೇಗಾಗುತ್ತದೆ? ಮಿಸ್ ಪೆಚ್ಚಾದರು. ಇಷ್ಟು ವರ್ಷ ಬದುಕಿದ ಊರಿಗೂ ತಮ್ಮವರಿಗೂ ಏನೋ ನಂಟಿತ್ತೆಂದು ಹೊರಡುವ ಮುನ್ನ ಕಣ್ಣಾರೆ ಕಾಣುವ ಆಸೆ ಅವರದು. ಅಷ್ಟರಲ್ಲಿ ಹಳೆಯ ಪತ್ರಿಕೆಯೊಂದರಲ್ಲಿ ಹಡಗಿನ ಸರಕಿನ ಸುದ್ದಿ ಸಿಕ್ಕಿತು. "ಮಿಸ್, ಲುಕ್! ಟೈಲ್ಸ್ ಟು ಮಸ್ಕತ್!" ಎಂದು ನನ್ನ ಗೆಳತಿ ಕೂಗಿದಳು.

"ಬಂದಿದ್ರೆ ಒಂದು ತುಂಡಾದ್ರೂ ಉಳಿದಿರ್ತದೆ. ಹುಡುಕುವ," ಎಂದರು ಮಿಸ್.

ರಜೆಯ ಶುಕ್ರವಾರಗಳಂದು ಬಂದರಿನ ಪಕ್ಕದ ಮತ್ರಾ ಬಜಾರಿನ ಗಲ್ಲಿಗಳಲ್ಲಿ ಕತ್ತು ಮೇಲೆತ್ತಿಕೊಂಡು ಅಲೆದೆವು. ಕರಾವಳಿಯವರಲ್ಲವೇ, ಹಂಚೆಂದರೆ ಮನೆಯ ಮಾಡು ನೋಡುವುದು! ಮಳೆಯೇ ಇಲ್ಲದ ಊರಿನ ಮಾಡುಗಳೆಲ್ಲ ಚಪ್ಪಟೆ, ಒಂದರ ಮೇಲೂ ಹಂಚಿಲ್ಲ. ಬಿಸಿಲಿಗೆ ನಾವು ಬಾಡಿದ್ದನ್ನು ಕಂಡು ಸಾಂಬ್ರಾಣಿ ಅಂಗಡಿಯ ಒಮಾನಿ ಮುದುಕರೊಬ್ಬರು ಮಣ್ಣಿನ ಹೂಜಿಯಿಂದ ನೀರು ಕೊಟ್ಟರು. ನೀರು ಕುಡಿದ ಮಿಸ್ ಅವರ ಹೆಬ್ಬೆರಳು ಅಭ್ಯಾಸಬಲದಿಂದ ಹೂಜಿಯ ಕೆಳಗಿದ್ದ ಕೆಂಪು ತುಂಡಿನ ಅಡಿಗೆ ಹೋಯಿತು. ಅಲ್ಲೇ ನಿಂತಿತು. ಮಗುಚಿ ನೋಡಿದರೆ, ನೆಲಕ್ಕೆ ಹಾಸುವ ಹಂಚು; ಸವೆದ ಇಂಗ್ಲಿಷ್ ಅಕ್ಷರಗಳಲ್ಲಿ ಮಂಗಳೂರಿನ ಹೆಸರು.

ಮಿಸ್ ಮೆಟ್ಟಿಲ ಮೇಲೆ ಕೂತೇಬಿಟ್ಟರು. "ನೋಡಿ ಮಕ್ಕಳೇ, ನಮಗಿಂತ ಮೊದ್ಲೇ ಬಂದು ಕೂತಿದೆ. ಇದರ ಹತ್ರ ಯಾರೂ ವೀಸಾ ಕೇಳ್ಲಿಲ್ಲ," ಎಂದು ನಗಲು ಹೋಗಿ ಅತ್ತರು. ಮುದುಕರು ಗಾಬರಿಯಿಂದ ಒಳಗೋಡಿ ಒಂದು ಸ್ಟೂಲ್ ತಂದಿಟ್ಟರು. ಹಂಚನ್ನು ಕೊಂಡೊಯ್ಯಿರಿ ಎಂದೂ ಹೇಳಿದರು.

ಮಿಸ್ ಫೋಟೋ ಮಾತ್ರ ತೆಗೆದುಕೊಂಡರು. ನಾವು ಗೊಣಗಿದ್ದಕ್ಕೆ, "ಅದು ಈ ಊರಿನದ್ದು. ಹೋಗುವವಳು ನಾನು," ಎಂದರು.

ಪ್ರದರ್ಶನದಲ್ಲಿ ಆ ಫೋಟೋ ನಡುಗೋಡೆಯಲ್ಲೇ ತೂಗಿತು. ವೀಸಾ ರದ್ದಾಗುವವರೆಗೂ ಮಿಸ್ ಪ್ರತಿ ಶುಕ್ರವಾರ ಮತ್ರಾಕ್ಕೆ ಹೋಗಿ ಆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೊನೆಯ ಸಲ, ಊರಿಗೆ ಹೊರಟಿದ್ದೇನೆಂದು ಮುದುಕರಿಗೆ ಹೇಳಿಯೂ ಬರಲಿಲ್ಲವಂತೆ. "ನಾನಿಲ್ಲದಿದ್ರೆ ಇಲ್ಲಿ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ," ಎಂದಿದ್ದರು ವಿಮಾನ ನಿಲ್ದಾಣದಲ್ಲಿ.

ಈಗ ನಾನು ಮಸ್ಕತ್ತಿನಿಂದ ದೂರದ ಸೊಹಾರ್‌ನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊಸ ಯಂತ್ರ ಬಂದರೆ ಮೊದಲು ಅದರ ಊರು ಹುಡುಕುತ್ತೇನೆ, ಜೊತೆಯವರು ನಗುತ್ತಾರೆ. ಮಂಗಳೂರಿನ ವೃದ್ಧಾಶ್ರಮದಲ್ಲಿ ಮಿಸ್ ತೀರಿಕೊಂಡರೆಂದು ಹೋದ ತಿಂಗಳು ಮೆಸೇಜ್ ಬಂತು. ಹೇಳಿಕೊಂಡು ಅಳಲು ನನಗೂ ಇಲ್ಲಿ ಯಾರೂ ಇರಲಿಲ್ಲ. ಶುಕ್ರವಾರ ಬಸ್ಸು ಹತ್ತಿ ಮತ್ರಾಕ್ಕೆ ಹೋದೆ.

ಹೂಜಿ ಇತ್ತು, ಅದರಡಿ ಹಂಚೂ ಇತ್ತು. ಬಾಗಿಲಲ್ಲಿ ಎರಡು ಸ್ಟೂಲುಗಳು. ಒಂದರ ಮೇಲೆ ಆ ಮುದುಕರು. ಹಂಚಿನತ್ತ ಬೆರಳು ತೋರಿಸಿದೊಡನೆ ಅವರಿಗೆ ನನ್ನ ಗುರುತು ಹತ್ತಿತು. ಖಾಲಿ ಸ್ಟೂಲಿನ ಧೂಳನ್ನು ಅಂಗೈಯಿಂದ ಒರೆಸಿ, ನನ್ನ ಹಿಂದೆ ಗಲ್ಲಿಯುದ್ದಕ್ಕೂ ಯಾರನ್ನೋ ಹುಡುಕುವಂತೆ ಕಣ್ಣು ಹಾಯಿಸಿ, ತಮ್ಮ ಹರಕುಮುರುಕು ಹಿಂದಿಯಲ್ಲಿ ಕೇಳಿದರು:

"ಟೀಚರ್ ಪೀಛೇ ಆತಾ ಹೈ?"