ಹೂವಿನ ಗಾಡಿಯಲ್ಲಿ ಬಂದ ಹುಳುಗಳು

ಖಾಲಿ ಓಡುವ ಗಾಡಿ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಸ್ನೇಹಿತರೇ. ಹೂವು, ತರಕಾರಿ ಬಾಡುವ ಮೊದಲು ಯಾವ ವ್ಯಾನು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವುದೇ ನನ್ನ ಕೆಲಸ. ಇವತ್ತು ಚಿಕ್ಕಬಳ್ಳಾಪುರದಲ್ಲಿ ಗುಲಾಬಿ ಇಳಿಸಿ ಖಾಲಿ ಮರಳುತ್ತಿದ್ದ ವ್ಯಾನಿನಲ್ಲಿ ದಿಬ್ಬೂರಹಳ್ಳಿಯ ಲಕ್ಷ್ಮಮ್ಮನವರಿಗೆ ಎಳೆಯ ರೇಷ್ಮೆಹುಳುಗಳನ್ನು ಕಳಿಸಿದೆ. ಹೊತ್ತಿಗೆ ಮುಂಚೆಯೇ ತಲುಪಿದವು. ಮಧ್ಯಾಹ್ನದೊಳಗೆ ಎಲ್ಲವೂ ಸತ್ತವು.

ಸುದ್ದಿ ತಿಳಿದು ಅವರ ಮನೆಗೆ ಓಡಿದೆ. ಲಕ್ಷ್ಮಮ್ಮ ಬೈಯಲಿಲ್ಲ.

“ಹೂವಿಗೆ ಹುಳ ಸಾಯೋ ಔಷಧಿ ಹೊಡ್ದಿರ್ತಾರೆ ಕಣಪ್ಪ. ಆ ಗಾಡೀಲಿ ನಮ್ ಹುಳ ಹಾಕ್ತಾರಾ?”

“ಗಾಡಿ ಗುಡಿಸಿದ್ವಲ್ಲಮ್ಮ...”

“ಗುಡಿಸಿದ್ರೆ ವಿಷ ಹೋಗ್ತದಾ?”

ಹುಳುಗಳಿಗೆಂದು ಬೆಳಗ್ಗೆಯೇ ಕೊಯ್ದಿಟ್ಟಿದ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ತಂದು ಹಸುವಿನ ಮುಂದೆ ಸುರಿದರು. ಅದು ನನ್ನನ್ನೇ ನೋಡುತ್ತಾ ಮೇಯಿತು. ಇವತ್ತು ನನ್ನ ಜಾಣತನದಿಂದ ಹೊಟ್ಟೆ ತುಂಬಿದ್ದು ಅದಕ್ಕೊಂದಕ್ಕೇ.