ಅಮ್ಮನ ಸಹಿ ಸಾಲದೆಂದ ಶಾಲೆ

ತಾಯಿಯ ಸಹಿ ಸಾಲದು ಎಂದು ಮಗುವನ್ನು ಲೈಂಗಿಕ ಶಿಕ್ಷಣದ ಪಾಠದಿಂದ ಹೊರಗೆ ಕಳಿಸುವುದು ಅನ್ಯಾಯ. ನಿನ್ನೆ ಅಕ್ಕನ ಮಗಳು ಸರಕಾರಿ ಶಾಲೆಯಿಂದ ಕೆಸರುಗಾಲಲ್ಲೇ ಬಂದಳು.

"ಎಂತ ಮಾರಾಯ್ತಿ ಇದು?"

"ಪಾಠಕ್ಕೆ ಕೂರಿಸ್ಲಿಲ್ಲ ಚಿಕ್ಕಮ್ಮ. ಬಸಳೆಗೆ ನೀರು ಹಾಕ್ಲಿಕ್ಕೆ ಕಳಿಸಿದ್ರು. ಪಪ್ಪ ದುಬೈಯಲ್ಲಿ ಅಲ್ವಾ, ಅವರ ಸಹಿ ಇರ್ಲಿಲ್ಲ."

ಆ ಒದ್ದೆ ಮಣ್ಣಿನ ವಾಸನೆ ನನಗೆ ಗೊತ್ತು. ನಾನು ಶಾಲೆಗೆ ಹೋಗುವಾಗ ನನ್ನ ಅಪ್ಪ ಮಸ್ಕತ್‌ನಲ್ಲಿದ್ದರು. ಅದೇ ಪಾಠದ ಒಪ್ಪಿಗೆ ಚೀಟಿಗೆ ಅಮ್ಮ ಖುಷಿಯಿಂದ ಸಹಿ ಹಾಕಿದ್ದಳು. "ನನಗೆ ಹೇಳ್ಲಿಕ್ಕೆ ನಾಚಿಕೆ ಮಗಾ, ಟೀಚರ್ ಸರಿಯಾಗಿ ಹೇಳ್ತಾರೆ." ಹೆಡ್ ಮಾಷ್ಟ್ರು ಚೀಟಿಯನ್ನು ಹಿಂದಕ್ಕೆ ಕೊಟ್ಟರು. "ಅಪ್ಪ ಊರಿಗೆ ಬರ್ಲಿ, ಮತ್ತೆ ನೋಡುವ." ನಾನು ಕೊಡಪಾನ ಹಿಡಿದು ಬಸಳೆ ಚಪ್ಪರದಡಿ ನಿಂತೆ. ಮುಚ್ಚಿದ ಕಿಟಕಿಯ ಆಚೆ ಗೆಳತಿಯರು ನಗುತ್ತಿದ್ದರು.

ಬೇಸಿಗೆ ರಜೆ ಸಿಗುವ ಮೊದಲೇ ಒಂದು ದಿನ, ಮನೆಗೆ ಬರುವ ಬಸ್ಸಿನಲ್ಲಿ ಲಂಗಕ್ಕೆ ರಕ್ತ ಅಂಟಿದ್ದನ್ನು ಕಂಡೆ. ಸಾಯುತ್ತೇನೆ ಎಂದೇ ನಂಬಿದೆ. ಬ್ಯಾಗು ಅಡ್ಡ ಹಿಡಿದು ಓಡಿ ಬಂದು ಬಾವಿಕಟ್ಟೆಯ ಹಿಂದೆ ಅಡಗಿ ಕುಳಿತೆ. ಅಮ್ಮ ಹುಡುಕಿಕೊಂಡು ಬಂದು, ತಬ್ಬಿ ಅತ್ತಳು. ಆಮೇಲೆ ಶಾಲೆಯ ದಿಕ್ಕಿಗೆ ತಿರುಗಿ ಕೂಗಿದಳು: "ಹೆತ್ತದ್ದು ನಾನು. ಸಹಿ ಮಾತ್ರ ಅವರದ್ದೇ ಆಗ್ಬೇಕಾ?"

ಆ ಪ್ರಶ್ನೆ ಅಂದು ನಮ್ಮ ಅಂಗಳ ದಾಟಲಿಲ್ಲ. ಈ ಸಲ ಅಕ್ಕನ ಸಹಿಯಿರುವ ಚೀಟಿ ಹಿಡಿದು ಅಕ್ಕ, ಅವಳ ಮಗಳು, ನಾನು ಮೂವರೂ ಶಾಲೆಗೆ ಹೊರಟಿದ್ದೇವೆ. ಹೊರಗೆ ನಿಂತ ಮಕ್ಕಳ ತಾಯಂದಿರೇ, ನೀವೂ ಬನ್ನಿ. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಹಿರಿಯಡ್ಕ ಬಸ್ ನಿಲ್ದಾಣದಲ್ಲಿ.